ಕಣ್ಣು ಕಟ್ಟಿ ಕುಡಿದ ಬಿಯರು

ಬಿಯರ್ ತಯಾರಿಸುವುದು ಮಹಾ ಕೆಲಸವೇನಲ್ಲ ಎಂದು ನಾನು ಹೇಳಿದ್ದು ನಿಜ. ಮನೆಯಲ್ಲಿ ಹೇಳಿದೆ, ಓಣಿಯಲ್ಲಿ ಹೇಳಿದೆ, ನನ್ನ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಟೇಲರುಗಳ ಮುಂದೆಯೂ ಹೇಳಿದೆ. ಮೊಳಕೆ ಬಂದ ಬಾರ್ಲಿ ಕುದಿಸಬೇಕು, ಹಾಪ್ಸ್ ಎಂಬ ಕಹಿ ಹೂ ಹಾಕಬೇಕು, ತಣಿದ ಮೇಲೆ ಯೀಸ್ಟ್ ಉದುರಿಸಬೇಕು, ಎರಡು ವಾರ ಸುಮ್ಮನೆ ಕೂರಬೇಕು. ಇದರಲ್ಲಿ ಸುಮ್ಮನೆ ಕೂರುವ ಭಾಗಕ್ಕೆ ನನ್ನಷ್ಟು ಅರ್ಹನಾದ ವ್ಯಕ್ತಿ ಬಳ್ಳಾರಿಯಲ್ಲಿ ಇನ್ನೊಬ್ಬನಿರಲಿಲ್ಲ.

ಈ ವಿದ್ಯೆಯಲ್ಲಿ ನನಗೆ ಇಬ್ಬರು ಜೊತೆಗಾರರು. ಸಿರುಗುಪ್ಪದ ಈರಣ್ಣ ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಅವನ ಬಿಯರಿನಲ್ಲಿ ತನ್ನೂರಿನ ಅಕ್ಕಿ ಇರುತ್ತದೆ, ಬಾಯಲ್ಲಿ ಆ ಅಕ್ಕಿಯ ಮೇಲೊಂದು ಭಾಷಣವಿರುತ್ತದೆ. ಕುರುಗೋಡಿನ ಸದಾಶಿವನದು ಔಷಧಿ ಅಂಗಡಿ. ಥರ್ಮಾಮೀಟರ್ ಅದ್ದದೆ ಅವನು ಮಜ್ಜಿಗೆಯನ್ನೂ ಕುಡಿಯುವವನಲ್ಲ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಪಾರ್ವತಿನಗರದ ನಮ್ಮ ಮಾಳಿಗೆಯ ಮೇಲೆ, ತಗಡಿನ ನೆರಳಿನಲ್ಲಿ, ಮೂವರೂ ಅವರವರ ಬಾಟಲಿಗಳೊಂದಿಗೆ ಸೇರುತ್ತಿದ್ದೆವು. ಕುಡಿಯುವುದು ಒಂದು ಗುಟುಕು, ಮಾತು ಅರ್ಧ ತಾಸು.

"ಮೊದಲು ನಿಂಬಿ ಸಿಪ್ಪಿ ಬರತೈತಿ," ಎನ್ನುತ್ತಿದ್ದ ಈರಣ್ಣ ಕಣ್ಣು ಮುಚ್ಚಿಕೊಂಡು. "ಆಮ್ಯಾಲೆ ಒಣಹುಲ್ಲು."

"ಹುಲ್ಲಲ್ಲ, ಅದು ಹುರದ ಕಡ್ಲಿ," ಎನ್ನುತ್ತಿದ್ದ ಸದಾಶಿವ.

"ಹಿಂದ ಒಂದೀಟು ಜೇನು," ಎಂದು ನಾನು ಸೇರಿಸುತ್ತಿದ್ದೆ. ಜೇನು ಯಾವ ಬಿಯರಿನಲ್ಲೂ ನನಗೆ ಸಿಕ್ಕಿರಲಿಲ್ಲ. ಆದರೆ ಸುಮ್ಮನೆ ಕೂತರೆ ಮರ್ಯಾದೆ ಉಳಿಯುತ್ತದೆಯೇ?

ನನ್ನ ಹೆಂಡತಿ ಗಿರಿಜಾ ಓಣಿಗೆಲ್ಲ ದೋಸೆ ಹಿಟ್ಟು ರುಬ್ಬಿ ಕೊಡುತ್ತಾಳೆ. ಮನೆಯಲ್ಲಿದ್ದ ಎರಡನೇ ಫ್ರಿಜ್ಜಿನ ತುಂಬ ನನ್ನ ಬಾಟಲಿಗಳಿದ್ದವು. ಬಳ್ಳಾರಿಯ ಬಿಸಿಲಿಗೆ ಅವಳ ಹಿಟ್ಟು ಬೆಳಿಗ್ಗೆ ರುಬ್ಬಿದರೆ ಮಧ್ಯಾಹ್ನಕ್ಕೆ ಹುಳಿಯಾಗಿ, ಪಾತ್ರೆಯಿಂದ ಎದ್ದು ಹೊರಗೆ ನಡೆಯುತ್ತಿತ್ತು.

"ನಿಮ್ಮ ಬಿಯರ್ ಅಷ್ಟು ಚಲೋ ಐತೇನ್ರಿ?" ಎಂದು ಒಂದು ದಿನ ಕೇಳಿದಳು.

"ಮೂರರಾಗ ನಂದ ಮೊದಲು."

"ಹಂಗಾರ ಕಣ್ಣು ಕಟ್ಟಿಕೊಂಡು ಕುಡೀರಿ. ನಾನು ಹಾಕಿ ಕೊಡತೀನಿ. ನಿಮ್ಮದು ಗೆದ್ದರ ಫ್ರಿಜ್ಜು ನಿಮಗ. ಇಲ್ಲಂದ್ರ ಹಿಟ್ಟಿಗೆ."

ನಾನು ಸಂತೋಷದಿಂದ ಒಪ್ಪಿದೆ. ಮನುಷ್ಯ ತನ್ನ ಹಳ್ಳವನ್ನು ತಾನೇ ತೋಡಿಕೊಳ್ಳುವಾಗ ಸಾಮಾನ್ಯವಾಗಿ ಸಂತೋಷವಾಗಿಯೇ ಇರುತ್ತಾನೆ.

ಪರೀಕ್ಷೆಗೆಂದೇ ಹೊಸ ಬಿಯರ್ ಕುದಿಸಿದೆ. ಹುರಿದ ಬಾರ್ಲಿಯ ದಟ್ಟ ಕಪ್ಪು ಬಿಯರು. ಅದು ತಂಪಿನಲ್ಲಿ ಹುದುಗಬೇಕು ಎಂದು ಓದಿದ್ದೆ, ಹೊರಗೆ ಬೆಂಕಿಯಂಥ ಬಿಸಿಲು. ಆಗ ನನಗೊಂದು ಉಪಾಯ ಹೊಳೆಯಿತು. ಶೆಡ್ಡಿನಲ್ಲಿ ಹೊಸ ನೀಲಿ ಜೀನ್ಸ್ ಬಟ್ಟೆಯ ಥಾನುಗಳಿದ್ದವು. ದಪ್ಪ ಬಟ್ಟೆ, ನೀರು ಚೆನ್ನಾಗಿ ಹಿಡಿಯುತ್ತದೆ. ಎರಡು ಮೀಟರ್ ಕತ್ತರಿಸಿ, ನೆನೆಸಿ, ಸ್ಟೀಲ್ ಬಕೆಟ್ಟಿನ ಸುತ್ತ ಸುತ್ತಿದೆ. ಉಳಿದ ತುಂಡನ್ನು ಮುಚ್ಚಳದ ಬದಲು ಬಾಯಿಗೇ ಕಟ್ಟಿದೆ. ದಿನಕ್ಕೆ ನಾಲ್ಕು ಸಲ ಚೊಂಬಿನಿಂದ ಮೇಲೆ ನೀರು ಹೊಯ್ದೆ. ಗಾಂಭೀರ್ಯದಿಂದ ಹೊಯ್ದೆ.

ನೆನೆದ ಬಟ್ಟೆ ಭಾರಕ್ಕೆ ಜೋತು ಬಿದ್ದು, ನಡುವಿನ ಭಾಗ ಬಿಯರಿನಲ್ಲಿ ಮುಳುಗಿ ಕೂತಿತ್ತು. ಅದನ್ನು ನಾನು ಹನ್ನೊಂದನೇ ದಿನ ನೋಡಿದೆ. ನೊರೆಗೆ ಒಂದು ನಸು ಹಸಿರು ಛಾಯೆ ಬಂದಿತ್ತು. ಉತ್ತಮ ದರ್ಜೆಯ ಲಕ್ಷಣವಿರಬಹುದು ಎಂದುಕೊಂಡು ಬಾಟಲಿಗೆ ತುಂಬಿದೆ.

ಭಾನುವಾರ ಬಂತು. ಗಿರಿಜಾ ನಮ್ಮ ಮೂವರ ಕಣ್ಣಿಗೂ ಟವೆಲ್ ಕಟ್ಟಿದಳು. ಒಬ್ಬೊಬ್ಬರಿಗೂ ಮೂರು ಸ್ಟೀಲ್ ಲೋಟ ಸಾಲಾಗಿ ಇಟ್ಟಳು. ಯಾವುದು ಯಾರದು ಎಂದು ಅವಳಿಗೆ ಮಾತ್ರ ಗೊತ್ತು.

ಮೊದಲ ಲೋಟ ಹಗುರವಾಗಿ, ತಿಳಿಯಾಗಿ ಗಂಟಲಿಗೆ ಇಳಿಯಿತು. ಇಷ್ಟು ಚೆನ್ನಾಗಿದ್ದ ಮೇಲೆ ಅದು ನನ್ನದೇ. "ಇದನ್ನ ಮಾಡಿದವ ಕಲಾವಿದ," ಎಂದು ಘೋಷಿಸಿದೆ. "ಇವನ ಕೈಗೆ ಬಂಗಾರದ ಕಡಗ ಹಾಕಬೇಕು."

ಎರಡನೆಯದನ್ನು ದೊಡ್ಡ ಮನಸ್ಸಿನಿಂದ ಪಾಸು ಮಾಡಿದೆ. ಮೂರನೆಯದು ನಾಲಗೆಗೆ ತಾಗಿದ ಕೂಡಲೇ ಎಡಕ್ಕೂ ಬಲಕ್ಕೂ ಉಗುಳುವ ಸದ್ದಾಯಿತು. ನಾನು ಮಾತ್ರ ಉಗುಳಲಿಲ್ಲ. ತೀರ್ಪು ಕೊಡುವವನು ಪೂರ್ತಿ ವಿಚಾರಣೆ ನಡೆಸಬೇಕು ಎಂದು ಇಡೀ ಲೋಟ ಕುಡಿದೆ.

"ಮಳ್ಯಾಗ ತೊಯ್ದ ಗೋಣಿಚೀಲ ನೆಕ್ಕಿದಂಗ ಐತಿ," ಎಂದೆ. "ಇದನ್ನ ಮಾಡಿದವ ಇನ್ನ ಮ್ಯಾಲೆ ಒಲಿ ಹತ್ರ ಹೋಗಬಾರದು. ಸ್ನೇಹ ಬ್ಯಾರೆ, ಸತ್ಯ ಬ್ಯಾರೆ. ಸದಾಶಿವ, ಬ್ಯಾಸರ ಮಾಡಿಕೋಬ್ಯಾಡ."

ಟವೆಲ್ ಬಿಚ್ಚಿದೆವು. ಈರಣ್ಣ ನನ್ನ ಮುಖವನ್ನೇ ನೋಡುತ್ತ ಕೂತ.

"ಲೇ, ನಾಲಿಗಿ ಹೊರಗ ಹಾಕು."

ಹಾಕಿದೆ. ಸದಾಶಿವ ಮೊಬೈಲಿನ ಬೆಳಕು ಬಿಟ್ಟು, ಔಷಧಿ ಅಂಗಡಿಯವನಿಗೆ ತಕ್ಕ ಗಾಂಭೀರ್ಯದಿಂದ ಪರೀಕ್ಷಿಸಿದ.

"ನೀಲಿ," ಎಂದ. "ಹಲ್ಲೂ ನೀಲಿ. ನೋವು ಐತೇನು?"

ನೋವು ಶುರುವಾಗಿತ್ತು, ಆದರೆ ಬಾಯಲ್ಲಲ್ಲ. ಗಿರಿಜಾ ಮೂರನೇ ಲೋಟವನ್ನು ಎತ್ತಿ, ಕುಡಿಯದೆ ಸುಮ್ಮನೆ ಮೂಸಿದಳು.

"ಇದು ಹೊಸ ಅರಿವಿ ವಾಸನಿ. ನಮ್ಮ ಮನಿಯವರ ಬಾಟಲಿದು."

ಈರಣ್ಣ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಕಲಾವಿದ ಅವನೇ ಆಗಿದ್ದ. ಬಂಗಾರದ ಕಡಗದ ಅಳತೆ ಕೊಡಲೇ ಎಂದು ಕೈ ಚಾಚಿದ.

ನಗು ನಿಂತ ಮೇಲೆ ಗಿರಿಜಾ ಅವನ ಲೋಟವನ್ನೂ ಮೂಸಿದಳು. "ಈರಣ್ಣಾರ, ಇದನ್ನ ಎರಡು ದಿನ ಮೊದಲ ತೆಗೀಬೇಕಿತ್ತು. ತುದೀಗೆ ಹುಳಿ ಹತ್ತಾಕ ಶುರುವಾಗೈತಿ." ಆಮೇಲೆ ಸದಾಶಿವನದು. "ನೀವು ಆರೋತನಕ ಕಾದಿಲ್ರಿ. ಬಿಸಿ ಇದ್ದಾಗನ ಯೀಸ್ಟ್ ಹಾಕೀರಿ."

ಸದಾಶಿವ ಜೇಬಿನಿಂದ ತನ್ನ ಲೆಕ್ಕದ ಚೀಟಿ ತೆಗೆದು ನೋಡಿದ. ಯೀಸ್ಟ್ ಹಾಕಿದ ದಿನ ಬಸ್ಸಿಗೆ ಹೊತ್ತಾಗಿ ಅವಸರ ಮಾಡಿದ್ದನ್ನು ಒಪ್ಪಿಕೊಂಡ.

"ನಿಮಗ ಹೆಂಗ ಗೊತ್ತಾತ್ರೀ ಅಕ್ಕಾರ?" ಎಂದು ಕೇಳಿದ.

"ಇಪ್ಪತ್ತು ವರ್ಷದಿಂದ ದಿನಾ ಹಿಟ್ಟು ಹುದುಗಸತೀನಿ. ಮೂಗಿಗೆ ಇಷ್ಟೂ ಗೊತ್ತಾಗಲ್ಲೇನು?"

ಮುಂದಿನ ಒಂದು ತಾಸು ಆ ಮಾಳಿಗೆಯ ಮೇಲೆ ಬಹಳ ಒಳ್ಳೆಯ ಮಾತುಕತೆ ನಡೆಯಿತು. ಈರಣ್ಣ ಪ್ರಶ್ನೆ ಕೇಳಿದ, ಸದಾಶಿವ ಬರೆದುಕೊಂಡ, ಗಿರಿಜಾ ಉತ್ತರ ಕೊಟ್ಟಳು. ನಾನು ಕೆಳಗೆ ಫ್ರಿಜ್ಜಿನಿಂದ ಬಾಟಲಿಗಳನ್ನು ತೆಗೆದು ಹಿಟ್ಟಿನ ಪಾತ್ರೆಗಳನ್ನು ಜೋಡಿಸುತ್ತಿದ್ದೆ. ಮೇಲಿನಿಂದ ನಗು ಕೇಳುತ್ತಿತ್ತು. ನಾನೂ ಅಲ್ಲೇ ನಿಂತು ಒಬ್ಬನೇ ನಕ್ಕೆ. ಫ್ರಿಜ್ಜಿನ ಹೊಳೆಯುವ ಬಾಗಿಲಿನಲ್ಲಿ ನೀಲಿ ಹಲ್ಲುಗಳು ಕಂಡವು. ನಗು ನಿಲ್ಲಿಸಿದೆ.

ಬಣ್ಣ ಹೋಗಲು ಮೂರು ದಿನ ಬೇಕಾಯಿತು. ಉಪ್ಪು ತಿಕ್ಕಿದೆ, ನಿಂಬೆ ತಿಕ್ಕಿದೆ, ಪ್ರಯೋಜನವಾಗಲಿಲ್ಲ. ಮೂರು ದಿನವೂ ಬಾಯಿ ಬಿಗಿದುಕೊಂಡು ಓಡಾಡಿದೆ. ಶೆಡ್ಡಿನಲ್ಲಿ ಕೈಸನ್ನೆ, ಓಣಿಯಲ್ಲಿ ತಲೆಯಾಡಿಕೆ. ಯಾರೋ ನಾನು ಮೌನವ್ರತ ಹಿಡಿದಿದ್ದೇನೆಂದು ಸುದ್ದಿ ಹಬ್ಬಿಸಿದರು. ಎದುರಿಗೆ ಸಿಕ್ಕ ಇಬ್ಬರು ಕೈ ಮುಗಿದದ್ದೂ ಉಂಟು.

ಮೂರನೇ ದಿನ ಸಂಜೆ ಪಕ್ಕದ ಮನೆಯ ಶಾಂತಮ್ಮ ಹಿಟ್ಟಿಗೆ ಬಂದರು. ನಾನು ಅಲ್ಲೇ ಪೇಪರ್ ಹಿಡಿದು ಕೂತಿದ್ದೆ.

"ಗಿರಿಜಾ, ಮೂರು ದಿನದಿಂದ ನಮ್ಮ ಓಣಿ ಎಷ್ಟು ಶಾಂತ ಐತಿ ನೋಡವ್ವ," ಎಂದರು. "ಈ ವ್ರತ ತಿಂಗಳಾನುಗಟ್ಟಲೆ ಹಿಡಿಯೋ ಪದ್ಧತಿ ಇಲ್ಲೇನು?"

ಗಿರಿಜಾ ನನ್ನ ಕಡೆ ನೋಡಿದಳು. ನನ್ನ ಬಳಿ ಖಡಕ್ಕಾದ ಉತ್ತರವಿತ್ತು. ಬಾಯಿ ತೆರೆಯುವಂತಿರಲಿಲ್ಲ. ಇಬ್ಬರಿಗೂ ವಿನಯದಿಂದ ಕೈ ಮುಗಿದೆ.