ರಾಜನೇ ಹೇಳಿಕೊಟ್ಟ ಬೈಗುಳ

ಸಿಟ್ಟು ಬಂದಾಗ ಬೈಯಲು ಬರದವರಲ್ಲಿ ಎರಡು ಬಗೆ. ಒಂದು ಬಗೆಯವರು ನುಂಗಿಕೊಂಡು ಸುಮ್ಮನಾಗುತ್ತಾರೆ. ಇನ್ನೊಂದು ಬಗೆಯವರು ಮನೆಗೆ ಬಂದು ನಿಘಂಟು ತೆರೆಯುತ್ತಾರೆ. ನಾನು ಎರಡನೆಯ ಗುಂಪಿನವನು. ಹಾಲಿನ ಅಂಗಡಿಯ ಸಾಲಿನಲ್ಲಿ ಯಾರಾದರೂ ನನ್ನನ್ನು ದಾಟಿ ನುಗ್ಗಿದರೆ ಅಲ್ಲಿ "ಇರಲಿ ಬಿಡ್ರಿ" ಎಂದು ನಗುತ್ತೇನೆ. ಮನೆಗೆ ಬಂದ ಮೇಲೆ ಆ ಮನುಷ್ಯನಿಗೆ ಒಪ್ಪುವ ಶಬ್ದವನ್ನು ಅರ್ಧ ಗಂಟೆ ಹುಡುಕುತ್ತೇನೆ. ಸಿಕ್ಕಿತೆಂದರೆ ಎಷ್ಟು ಖುಷಿಯಾಗುತ್ತದೆಂದರೆ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. "ನಿಮಗ ಜಗಳಾ ಮಾಡ್ಲಿಕ್ಕೂ ಪುಸ್ತಕ ಬೇಕು" ಎನ್ನುತ್ತಾಳೆ ನನ್ನ ಹೆಂಡತಿ ಶಾಂತಾ. ಅವಳಿಗೆ ಬೇಕಿಲ್ಲ.

ಇಂಥ ನನಗೆ ನಾಸಿಕದ ನಮ್ಮ ಕನ್ನಡ ಮಂಡಳಿಯವರು ನಾಟಕ ಬರೆಯುವ ಕೆಲಸ ಕೊಟ್ಟರು. ಛತ್ರಪತಿ ಸಂಭಾಜಿನಗರದ ಕನ್ನಡಿಗರು ತಮ್ಮ ಕೂಟಕ್ಕೆ ನಮ್ಮನ್ನು ಕರೆದಿದ್ದರು, ಬರಿಗೈಯಲ್ಲಿ ಹೋಗುವುದು ಹೇಗೆ? ಒಂದೇ ವಾರದಲ್ಲಿ ಬರೆದು ಮುಗಿಸಿದೆ. ಒಬ್ಬ ದುಷ್ಟ ರಾಜ ಊರ ಬಾವಿಗೆ ಬೀಗ ಹಾಕಿಸುತ್ತಾನೆ. ಒಬ್ಬ ಹುಡುಗಿ ಎದ್ದುನಿಂತು ಅವನ ಮುಖಕ್ಕೆ ಐದು ಬಿರುನುಡಿ ಎಸೆಯುತ್ತಾಳೆ. ಅವು ನಾಟಿ, ರಾಜನ ಕಣ್ಣು ತೆರೆದು, ಅವನು ಎರಡು ಪುಟ ಪಶ್ಚಾತ್ತಾಪದ ಮಾತಾಡುತ್ತಾನೆ. ಎರಡು ಪುಟದ ಮಾತು ಬೇರೆ ಯಾರಿಗೂ ಬಾಯಿಗೆ ಬಾರದೆಂದು ರಾಜನ ಪಾತ್ರವನ್ನು ನಾನೇ ಇಟ್ಟುಕೊಂಡೆ.

ಆದರೆ ನನ್ನ ಜೀವ ಇದ್ದದ್ದು ಆ ಐದು ಶಬ್ದಗಳಲ್ಲಿ. ಅವನ್ನು ಹುಡುಕುವಾಗ ನನಗೆ ಊಟ ಸೇರುತ್ತಿರಲಿಲ್ಲ! ಮೊದಲನೆಯದು ನಿರಂಕುಶ. ಎಷ್ಟು ಸಲ ಓದಿದ್ದೇವೆ, ಒಳಗೊಂದು ಆನೆ ನಿಂತಿರುವುದನ್ನು ನೋಡಿದ್ದೇವೆಯೇ? ಅಂಕುಶವಿಲ್ಲದ ಆನೆ ಪೇಟೆಬೀದಿಯಲ್ಲಿ ನಡೆದು ಬರುತ್ತಿದೆ, ಜನ ಅಂಗಡಿಯೊಳಗೆ ಓಡುತ್ತಿದ್ದಾರೆ, ಅಷ್ಟೂ ಒಂದೇ ಶಬ್ದದೊಳಗೆ! ಎರಡನೆಯದು ಪ್ರಜಾಪೀಡಕ, ಅರ್ಥ ಹೇಳುವುದೇ ಬೇಡ. ಮೂರನೆಯದು ಆತತಾಯಿ. ಇದು ಹೆದೆ ಎಳೆದ ಬಿಲ್ಲಿನ ಮಾತು, ಕೊಲ್ಲಲೆಂದೇ ಬಾಣ ಹೂಡಿಕೊಂಡು ಬರುವವನು ಆತತಾಯಿ. ನಾಲ್ಕನೆಯದು ಲೋಕಕಂಟಕ. ಒಂದೇ ಮುಳ್ಳು, ಅದಕ್ಕೆ ಇಡೀ ಲೋಕದ ಅಂಗಾಲು! ಐದನೆಯದು ಸರ್ವಾಧಿಕಾರಿ. ಹಿಂದೆ ಅದು ಒಂದು ದೊಡ್ಡ ಹುದ್ದೆಯ ಹೆಸರಾಗಿತ್ತಂತೆ. ಆ ಕುರ್ಚಿಯಲ್ಲಿ ಕೂತವರು ಏನೇನು ಮಾಡಿದರೋ, ಹೆಸರೇ ಬೈಗುಳವಾಗಿಬಿಟ್ಟಿತು. ಇದನ್ನೆಲ್ಲ ಶಾಂತಾಳಿಗೆ ಹೇಳುತ್ತಾ ಹೇಳುತ್ತಾ ನಾನು ಅಡಿಗೆಮನೆಯಲ್ಲಿ ಕುಣಿದೇಬಿಟ್ಟೆ. "ಬದಿಗೆ ಸರೀರಿ, ಒಗ್ಗರಣಿ ಹೊತ್ತಲತ್ತದ" ಎಂದಳು.

ಆ ಐದು ಶಬ್ದ ಹೇಳಬೇಕಾದವಳು ಶ್ರಾವಣಿ. ನಮ್ಮ ಭಾಲ್ಕಿ ಕಡೆಯ ಬಸವರಾಜನ ಎರಡನೆಯ ಮಗಳು, ಈಗಷ್ಟೇ ಕಾಲೇಜು ಸೇರಿದವಳು. ನಾಸಿಕದಲ್ಲೇ ಹುಟ್ಟಿ ಬೆಳೆದ ಹುಡುಗಿ. ನೀವು ಕನ್ನಡದಲ್ಲಿ ಏನು ಹೇಳಿದರೂ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಅದಕ್ಕೊಂದು ಕಾರಣವಿದೆ. ಎರಡು ವರ್ಷದ ಹಿಂದೆ ಮಂಡಳಿಯ ವೇದಿಕೆಯ ಮೇಲೆ ಮನೆಯವರ ಪರಿಚಯ ಮಾಡಿಕೊಡುವಾಗ ಈಕೆ ತನ್ನ ಅಕ್ಕನನ್ನು ತೋರಿಸಿ "ಇವರು ನನ್ನ ತಾಯಿ" ಎಂದಿದ್ದಳು. ಮರಾಠಿಯಲ್ಲಿ ಅಕ್ಕನಿಗೆ 'ತಾಈ' ಎನ್ನುತ್ತಾರೆ, ನಾಲಿಗೆ ಅದನ್ನೇ ತಂದುಕೊಟ್ಟಿತ್ತು. ಅಕ್ಕನಿಗೆ ಆಗ ಹತ್ತೊಂಬತ್ತು ವರ್ಷ. ಸಭೆ ಐದು ನಿಮಿಷ ನಕ್ಕಿತು. ನಾನೂ ನಕ್ಕಿದ್ದೆ. ಹುಡುಗಿ ಅಳುತ್ತಾ ಇಳಿದುಹೋದವಳು ಅಂದಿನಿಂದ ನಾಲ್ಕು ಜನರ ಮುಂದೆ ಒಂದು ಕನ್ನಡ ಶಬ್ದ ಆಡಿರಲಿಲ್ಲ.

"ಈ ಸಲ ಅಕಿ ಬಾಯಿ ಬಿಟ್ಟರ ಸಾಕರಿ ಅಣ್ಣಾ, ನಾಟಕ ಬಿದ್ದರೂ ಚಿಂತಿಲ್ಲ" ಎಂದು ಬಸವರಾಜ ನನ್ನ ಕೈ ಹಿಡಿದುಕೊಂಡ. ಹುಡುಗಿಯ ಬಗ್ಗೆ ಅಯ್ಯೋ ಅನ್ನಿಸಿತು, ನಾಟಕ ಬಿದ್ದರೂ ಚಿಂತೆಯಿಲ್ಲ ಎಂದದ್ದಕ್ಕೆ ಬೇಸರವೂ ಆಯಿತು.

ತಾಲೀಮು ಶುರುವಾಯಿತು. ಪ್ರಜೆಗಳೆಲ್ಲ ಬೀದರ, ಕಲಬುರಗಿ ಕಡೆಯ ಸಭ್ಯಸ್ಥರು. ರಾಜನ ಮೇಲೆ ಉಗ್ರವಾಗಿ ಕೂಗಿರೆಂದರೆ, "ಏ ಕ್ರೂರಿ ರಾಜರೇ, ಸ್ವಲ್ಪ ಹೊರಗ ಬರ್ರಿ!" ಎನ್ನುತ್ತಿದ್ದರು. ಉಡುಪಿ ಕಡೆಯ ಹೋಟೆಲಿನ ಭಟ್ಟರಂತೂ ಕೈಮುಗಿದು, "ಬೀಗ ತೆಗೀರಿ ಮಾರಾಯ್ರೆ, ಪುಣ್ಯ ಬರ್ತದೆ" ಎಂದರು. ನಾನು ತಲೆ ಚಚ್ಚಿಕೊಂಡೆ. ಶ್ರಾವಣಿ ಮಾತ್ರ ಮೂಲೆಯಲ್ಲಿ ಕೂತು ಐದು ಶಬ್ದ ಬರೆದ ಚೀಟಿ ಓದುತ್ತಿದ್ದಳು. ದಿನಾ ಅವಳಿಗೆ ಅರ್ಥ ಹೇಳಿಕೊಟ್ಟೆ, ಉಚ್ಚಾರ ತಿದ್ದಿದೆ. 'ಪೀಡಕ'ದ 'ಡ'ವನ್ನೇ ಒಂದು ಸಂಜೆಯಿಡೀ ಉಜ್ಜಿದೆ. ಮೂರನೆಯ ಶಬ್ದಕ್ಕೆ ಬಂದಾಗಲೆಲ್ಲ ಹುಡುಗಿಯ ದನಿ ಇಳಿಯುತ್ತಿತ್ತು. ಯಾಕೆಂದು ನಾನು ಕೇಳಲಿಲ್ಲ. "ಜೋರಾಗಿ!" ಎಂದೆ.

ಆ ದಿನ ಸಂಭಾಜಿನಗರದ ಸಭಾಂಗಣ ತುಂಬಿತ್ತು. ಕನ್ನಡಿಗರು, ಅವರ ಮರಾಠಿ ನೆರೆಹೊರೆಯವರು, ಮಕ್ಕಳು, ಎಲ್ಲರೂ ಬಂದಿದ್ದರು. ನನಗೆ ಜರಿಯ ರುಮಾಲು, ಅಂಟಿಸಿದ ಮೀಸೆ, ಅಂಗಿಗೆ ಸಿಕ್ಕಿಸಿದ ಪುಟ್ಟ ಮೈಕು. ಬಾವಿಗೆ ಬೀಗ ಬಿತ್ತು. ಶ್ರಾವಣಿ ಮುಂದೆ ಬಂದಳು.

"ನಿರಂಕುಶ!" ಎಂದಳು. ಆಹಾ, ಆನೆ ಬಂತು! "ಪ್ರಜಾಪೀಡಕ!" 'ಡ' ಬಂಗಾರದಂತಿತ್ತು. ಆಮೇಲೆ "ಆತ..." ಎಂದವಳು ನಿಂತಳು. ಮುಂದೆ ಇದ್ದದ್ದು 'ತಾಯಿ'. ಅವಳು ಸಭೆಯತ್ತ ನೋಡಿದಳು, ಮುಖ ಬಿಳಿಚಿಕೊಂಡಿತು. ಆಗಲೇ ನನಗೆ ಹೊಳೆದದ್ದು, ಬೇರೆಲ್ಲ ಬಿಟ್ಟು ಅವಳನ್ನು ಅಳಿಸಿದ್ದ ಅದೇ ಶಬ್ದವನ್ನು ಹುಡುಕಿ ಅವಳ ಕೈಗೆ ಕೊಟ್ಟಿದ್ದೇನೆ ಎಂದು.

ಆಗ ನಾನು ಸುಮ್ಮನಿರಬೇಕಿತ್ತು. ಸಿಂಹಾಸನದ ಮೇಲಿಂದಲೇ ಬಾಗಿ ಪಿಸುಗುಟ್ಟಿದೆ: "ಆತತಾಯಿ ಅನ್ನವ್ವ... ನನಗ ಆತತಾಯಿ ಅನ್ನು... ಅದು ಬಿಟ್ಟು ಮುಂದ ಲೋಕಕಂಟಕ ಅನ್ನು..."

ಮೈಕು ಆ ಪಿಸುಮಾತನ್ನು ಕೊನೆಯ ಸಾಲಿನವರೆಗೂ ತಲುಪಿಸಿತು. ಕ್ಷಣ ಹೊತ್ತು ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಆಮೇಲೆ ಸಭೆ ಚಾವಣಿ ಹಾರಿಹೋಗುವಂತೆ ನಕ್ಕಿತು. ಶ್ರಾವಣಿ ತಬ್ಬಿಬ್ಬಾಗಿ ನನ್ನನ್ನು ನೋಡಿದಳು. ಜನ ಈ ಸಲ ನಗುತ್ತಿರುವುದು ತನಗಲ್ಲವೆಂದು ಗೊತ್ತಾದದ್ದೇ ತಡ, ಸೊಂಟಕ್ಕೆ ಕೈಯಿಟ್ಟಳು.

"ಏನ್ರಿ ರಾಜಾ! ಬಾವಿಗೆ ಕೀಲಿ ಹಾಕಿದ್ರಿ. ನೀರು ಬಂದ್ ಮಾಡಿದ್ರಿ. ಈಗ ನಿಮಗ ಏನಂತ ಬೈಬೇಕು ಅನ್ನೋದೂ ನೀವೇ ಹೇಳಿಕೊಡ್ಲತ್ತೀರಿ? ನಮ್ಮ ಸಿಟ್ಟರ ನಮಗ ಬಿಡ್ರಿ! ನಿಮ್ಮ ಶಬ್ದ ನಮಗ ನಕೋ, ಬ್ಯಾಡ! ನಮ್ಮ ಮನ್ಯಾಗಿನ ಮಾತಿನಾಗೇ ಬೈತೀವಿ, ತಪ್ಪಾದ್ರ ಆಗ್ಲಿ! ಹಿಂಥಾ ಜುಲುಮಿ ರಾಜಾನ್ನ ಎಲ್ಲೂ ನೋಡಿಲ್ಲರಿ ನಾವು!"

ಚಪ್ಪಾಳೆಯೋ ಚಪ್ಪಾಳೆ! ಆ ಹುರುಪಿಗೆ ಪ್ರಜೆಗಳೂ ಎದ್ದರು. ತಾಲೀಮಿನಲ್ಲಿ ಕೈಮುಗಿದಿದ್ದ ಭಟ್ಟರೇ ನನ್ನ ರಟ್ಟೆ ಹಿಡಿದು, "ಸಾಕು ಇಳೀರಿ ಮಾರಾಯ್ರೆ!" ಎಂದು ನಿಜವಾಗಿಯೂ ಎಳೆದರು. ಮೀಸೆ ಕಿತ್ತುಬಂತು. "ಪ್ರಜೆಗಳೇ, ನನ್ನ ಕಣ್ಣು ತೆರೆಯಿತು..." ಎಂದು ನನ್ನ ಎರಡು ಪುಟ ಶುರು ಮಾಡುವಷ್ಟರಲ್ಲಿ ಪರದೆ ಬಿತ್ತು. ಅದರ ಹಿಂದೆ ನಿಂತು ಅರ್ಧ ಪುಟ ಹೇಳಿದೆ. ಬಸವರಾಜ ಓಡಿಬಂದ. ನನ್ನನ್ನು ತಬ್ಬಿಕೊಳ್ಳುತ್ತಾನೆಂದು ಕೈ ಚಾಚಿದೆ. ಅವನು ನನ್ನನ್ನು ದಾಟಿಕೊಂಡು ಹೋಗಿ ಮಗಳ ಮುಂದೆ ನಿಂತು ಕಣ್ಣೊರೆಸಿಕೊಂಡ.

ಉಪ್ಪಿಟ್ಟಿನ ಹೊತ್ತಿಗೆ ಸಂಭಾಜಿನಗರದ ಹಿರಿಯರೊಬ್ಬರು, ನಿವೃತ್ತ ಮೇಷ್ಟ್ರು, ನನ್ನ ಹೆಗಲ ಮೇಲೆ ಕೈಯಿಟ್ಟರು. "ಏನು ಬರದೀರಿ ಸರ! ಖರೇ ಜುಲುಮಿ ಅಂದ್ರ ತನಗ ಬೈಯೋ ಮಾತೂ ತಾನೇ ಹೇಳಿಕೊಡಾಂವ! ಇಷ್ಟು ವರ್ಷ ಪಾಠ ಹೇಳೀನಿ, ಈ ಅರ್ಥ ನನಗ ಹೊಳದಿದ್ದಿಲ್ಲ. ಆ ಜಾಗಾ ಹ್ಯಾಂಗ ಬರದ್ರಿ?"

'ಅದು ನಾನು ಬರೆದದ್ದಲ್ಲ, ಆ ಹುಡುಗಿಯದು' ಎನ್ನಬೇಕೆಂದೇ ಬಾಯಿ ತೆರೆದೆ. ಹೊರಗೆ ಬಂದದ್ದು, "ಏನೋ ಸಣ್ಣ ಪ್ರಯತ್ನ ಅಷ್ಟೇರಿ."

ತಿರುಗಿ ನೋಡಿದರೆ ತಟ್ಟೆ ಹಿಡಿದು ಶ್ರಾವಣಿ ನಿಂತಿದ್ದಾಳೆ. ಅಚ್ಚ ಕನ್ನಡದಲ್ಲಿ ಹೇಳಿದಳು: "ಕಾಕಾ, ಆ ಐದೂ ಶಬ್ದ ಈಗ ನೆನಪಾದವು ನೋಡ್ರಿ."

ನನ್ನ ತಟ್ಟೆಯನ್ನೂ ಅವಳ ಕೈಗೇ ಕೊಟ್ಟು ಓಡಿದೆ. ಹಿರಿಯರು ಅಷ್ಟರಲ್ಲೇ ಗೇಟಿನ ಹತ್ತಿರ ರಿಕ್ಷಾ ಹತ್ತುತ್ತಿದ್ದರು. ಏದುಸಿರು ಬಿಡುತ್ತಾ ಎಲ್ಲ ಒಪ್ಪಿಕೊಂಡೆ: "ಸರ, ಅದು ನಂದಲ್ಲರಿ. ಮೈಕಿನಿಂದ ಆದ ಅಚಾತುರ್ಯ ಅದು. ಮುಂದಿನದೆಲ್ಲ ಆ ಹುಡುಗಿನೇ ಆಡಿದ್ದು, ಖರೇನೇ."

ಅವರು ನನ್ನನ್ನೇ ನೋಡಿದರು. ಕಣ್ಣಲ್ಲಿ ನೀರಾಡಿತು. ರಿಕ್ಷಾದಲ್ಲಿ ಕೂತಿದ್ದ ತಮ್ಮ ಹೆಂಡತಿಯ ಕಡೆ ತಿರುಗಿ, "ನೋಡಿದ್ಯಾ? ಬರದಾಂವ ತಾನು, ಹೆಸರು ಮಾತ್ರ ಆ ಹುಡುಗಿಗೆ ಬಿಟ್ಟುಕೊಡ್ಲತ್ತಾನ. ಎಂಥಾ ದೊಡ್ಡ ಮನಸು!" ಎಂದರು. "ಇಲ್ಲರಿ ಸರ..." ಎಂದೆ. "ಸಾಕು ಬಿಡ್ರಿ ನಿಮ್ಮ ವಿನಯ" ಎಂದು ಅವರು ಹೊರಟೇಹೋದರು.

ಸತ್ಯ ಹೇಳಿದ್ದೇನೆ, ಒಂದಲ್ಲ ಎರಡು ಸಲ ಹೇಳಿದ್ದೇನೆ. ಮೂರನೆಯ ಸಲ ರಿಕ್ಷಾದ ಹಿಂದೆ ಓಡಿ ಹೇಳಬಹುದಿತ್ತೇನೋ. ಆದರೆ ನಮ್ಮ ಬಸ್ಸಿಗೆ ಹೊತ್ತಾಗುತ್ತಿತ್ತು. ಆ ದೊಡ್ಡ ಮನಸ್ಸನ್ನು ಮಡಿಲಲ್ಲಿಟ್ಟುಕೊಂಡು, ಕಿಟಕಿಯ ಪಕ್ಕದ ಜಾಗ ನೋಡಿ ಕೂತೆ.