ಸೀತನಿ ಹೊಲದ ಸಮಾಧಾನಿ

ಇನ್ನು ಮೇಲೆ ಈ ಶಂಕರೆಪ್ಪ ಯಾವುದಕ್ಕೂ ಚಿಂತೆ ಮಾಡುವುದಿಲ್ಲ ಎಂದು ಎರಡು ಸಾವಿರದ ಮೂರನೆಯ ಇಸವಿಯ ಜನವರಿಯಲ್ಲಿ ನಾನು ಘನಘೋರ ಪ್ರತಿಜ್ಞೆ ಮಾಡಿದೆ! ಕರೆಂಟು ಹೋಗಲಿ, ಪೈಪು ಒಡೆಯಲಿ, ಆಳುಗಳು ಕೈಕೊಡಲಿ, ನನ್ನ ಮುಗುಳ್ನಗೆ ಮಾಸಬಾರದು. ಯರಗಟ್ಟಿಯ ಡಾಕ್ಟರು ನನ್ನ ಬಿ.ಪಿ. ನೋಡಿ ಹುಬ್ಬೇರಿಸಿದ್ದರು. ಮುನವಳ್ಳಿಯ ಶಿಬಿರದಲ್ಲಿ ಗುರುಗಳೊಬ್ಬರು, ದಿನಾ ಅರ್ಧ ತಾಸು ಕಣ್ಣು ಮುಚ್ಚಿ ಉಸಿರು ನೋಡುತ್ತ ಕುಳಿತರೆ ರೈತನ ತಲೆಬಿಸಿ ಇಳಿಯುತ್ತದೆ ಎಂದು ಕಲಿಸಿದ್ದರು.

ಮನೆಗೆ ಬಂದವನೇ ಹೆಂಡತಿ ತಂಗೆವ್ವನಿಗೆ ಇದನ್ನು ಸಾರಿದೆ.

"ಕಣ್ಣ ಮುಚ್ಚರಿ, ಯಾರ ಬ್ಯಾಡ ಅಂದಾರ? ಖರೆ ರವಿವಾರತನಕ ಸೀತನಿ ಕಾಯ್ರಿ," ಎಂದಳು.

ರವಿವಾರ ಬರಲಿದ್ದ ಬೀಗರಿಗಾಗಿಯೇ ಅವಳು ನಾಲ್ಕು ಸಾಲು ಸೀತನಿ ಜೋಳ ಹಾಕಿಸಿದ್ದಳು. ಹಾಲುಗಾಳಿನ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿ ತಿಕ್ಕಿ, ಬೆಲ್ಲದ ಜೊತೆ ತಿನ್ನುವ ಭೋಗ ಅದು. ಮಗಳ ಮದುವೆಯಲ್ಲಿ ಊಟ ತಡವಾಯಿತೆಂದು ದೇಗಾಂವದ ಬೀಗತಿ ಇನ್ನೂ ಮಗಳನ್ನು ಚುಚ್ಚುತ್ತಿದ್ದರು. ಈ ಸೀತನಿಯಿಂದಾದರೂ ಅವರ ಬಾಯಿ ಸಿಹಿಯಾದೀತು, ಮಗಳು ನೆಮ್ಮದಿಯಿಂದ ಇದ್ದಾಳು ಎಂಬುದು ತಂಗೆವ್ವನ ಆಸೆ.

"ಹಕ್ಕಿ ಬಂದ್ರ ಕವಣಿ ಬೀಸ್ರಿ."

"ಕಲ್ಲ ಒಗದ್ರ ಸಿಟ್ಟ ಬರತೈತಿ. ಸಿಟ್ಟ ಬಂದ್ರ ಬಿ.ಪಿ. ಏರತೈತಿ."

"ಹಂಗಾರ ಡಬ್ಬಿ ಬಡೀರಿ."

"ಸಪ್ಪಳಕ್ಕ ಮನಸ್ಸ ಚದರತೈತಿ."

ಅವಳು ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನನ್ನ ಮೊದಲ ಗೆಲುವು ಎಂದುಕೊಂಡೆ!

ಮರುದಿನ ಬೆಳಿಗ್ಗೆ ಹೊಲದ ಅಟ್ಟಣಿಗೆ ಏರಿ ಕಣ್ಣು ಮುಚ್ಚಿದೆ. ಎಳೆಬಿಸಿಲು ಬೆನ್ನು ಸವರಿತು. ಮಲಪ್ರಭೆಯ ಕಡೆಯಿಂದ ಬಂದ ಗಾಳಿಗೆ ಜೋಳದ ಗರಿಗಳು ಪಿಸುಗುಟ್ಟಿದವು. ಉಸಿರು ಒಳಗೆ ಹೋಯಿತು, ಹೊರಗೆ ಬಂತು, ಆಮೇಲೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಟ್ಟಣಿಗೆ ಮೆಲ್ಲಗೆ ನೆಲ ಬಿಟ್ಟು ಎದ್ದು ಹಸಿರಿನ ಮೇಲೆ ತೇಲತೊಡಗಿತು. ಗುಬ್ಬಿಗಳ ಚಿಲಿಪಿಲಿ ಕೇಳಿ, ದೇವಲೋಕದಲ್ಲಿ ನನಗೆ ಸ್ವಾಗತ ನಡೆದಿದೆ ಎಂದೇ ನಂಬಿದೆ. ನಾಲ್ಕು ದಿನ, ಬೆಳಗಿನಿಂದ ಸಂಜೆತನಕ, ತೆನೆಗಳ ಕಡೆ ನೋಡದೆ ಹೀಗೆಯೇ ತೇಲಿದೆ. ಅಷ್ಟು ಸುಖ ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ರವಿವಾರ ಬೀಗರ ಜೀಪಿನ ಹಾರ್ನಿಗೆ ಕಣ್ಣು ಬಿಟ್ಟೆ. ಎದುರಿನ ಸಾಲುಗಳಲ್ಲಿ ಒಂದು ತೆನೆಯಲ್ಲೂ ಕಾಳಿಲ್ಲ. ಬರೀ ಹೊಟ್ಟು! ಸ್ವಾಗತಕ್ಕೆ ಬಂದವರು ಊಟ ಮುಗಿಸಿಯೇ ಹೋಗಿದ್ದರು. ಇನ್ನು ಮಗಳು ಏನೇನು ಮಾತು ಕೇಳಬೇಕೋ!

ಕೆಳಗಿಳಿದು ಓಡಿದೆ. ತಂಗೆವ್ವ ಕುಳ್ಳು ಜೋಡಿಸುತ್ತಿದ್ದಳು.

"ಸೀತನಿ ಹೋತು. ನಂದ ತಪ್ಪ," ಎಂದೆ.

"ಗೊತ್ತೈತಿ. ಬೀಗರಿಗೆ ನೀರ ಕೊಡ್ರಿ," ಎಂದು ಬಾವಿಯ ಕಡೆ ಹೊರಟಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನೀರು ಕೊಟ್ಟು ನಾನೂ ಅವಳ ಹಿಂದೆ ಹೋದೆ.

ನನ್ನ ಅಟ್ಟಣಿಗೆಯ ಬೆನ್ನ ಹಿಂದೆ, ಬಾವಿಯ ಪಕ್ಕದಲ್ಲಿ, ಮೂವತ್ತು ನಲವತ್ತು ತೆನೆಗಳು ಬಿಳಿ ಬಟ್ಟೆಯ ತುಂಡುಗಳ ಮುಸುಕು ಹಾಕಿಕೊಂಡು ನಿಂತಿದ್ದವು. ತಂಗೆವ್ವ ಒಂದೊಂದೇ ಗಂಟು ಬಿಚ್ಚಿದಳು. ಒಳಗೆ ಹಸಿರು ಕಾಳು ತುಂಬಿ ತುಳುಕುತ್ತಿತ್ತು. ಬಟ್ಟೆಯ ಅಂಚು ನೋಡಿ ಗುರುತು ಹಿಡಿದೆ. ನನ್ನದೇ ಧೋತರ!

"ಇದನ್ನ ಯಾವಾಗ ಕಟ್ಟಿದಿ?"

"ನೀವು ಮುನವಳ್ಳಿಯಿಂದ ಶಾಂತ ಆಗಿ ಬಂದ್ರೆಲ್ಲಾ, ಆವತ್ತ ಸಂಜೀಕ."

ಕೆಂಡದ ಸುತ್ತ ಎಲ್ಲರೂ ಕುಳಿತೆವು. ಬೀಗತಿ ನಾಲ್ಕನೆಯ ಬೊಗಸೆ ಮುಗಿಸಿ, "ಇಂಥಾ ಸೀತನಿ ನಾ ಎಲ್ಲೂ ತಿಂದಿಲ್ಲ ನೋಡ್ರಿ. ಇಷ್ಟ ಹಕ್ಕಿ ಕಾಟದಾಗ ಉಳಿಸೀರಿ ಅಂದ್ರ, ಬೀಗರು ಹಗಲೆಲ್ಲಾ ಕಾದಿರಬೇಕು," ಎಂದರು.

ನಾನು ವಿನಯದಿಂದ ತಲೆ ಬಾಗಿಸಿದೆ.

ತಂಗೆವ್ವ ಕೆಂಡ ಊದುತ್ತಲೇ ಹೇಳಿದಳು: "ಅವ್ರು ಮಕ್ಕೊಂಡಿದ್ರರಿ. ಕಾದದ್ದು ಅವ್ರ ಧೋತರ."