ಮಲಗಿ ಗೆಲ್ಲುವ ವಿದ್ಯೆ

ಈ ಸಲ ಹುಕ್ಕೇರಿಗೆ ಹೋದರೆ ಮಾವನ ಬಾಯಿಂದ 'ಪೈಲ್ವಾನ' ಅನ್ನಿಸಿಕೊಂಡೇ ಘಟಪ್ರಭಾಕ್ಕೆ ವಾಪಸ್ ಬರುತ್ತೇನೆ ಎಂದು ಹೆಂಡತಿ ನಂದಿನಿಯ ಎದುರು ಶಪಥ ಮಾಡಿದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ.

ಇದೇನು ಸಣ್ಣ ಶಪಥವಲ್ಲ ಮಹನೀಯರೇ! ನನ್ನ ಮಾವ ಸಾತಪ್ಪನವರು ಒಂದು ಕಾಲದಲ್ಲಿ ಹತ್ತೂರಿನ ಜಟ್ಟಿಗಳ ಬೆನ್ನಿಗೆ ಮಣ್ಣು ಹಚ್ಚಿದವರು. ಅವರ ಮಗ ಕಿಶೋರ ಈಗಲೂ ಗರಡಿಗೆ ಹೋಗುತ್ತಾನೆ. ನಾನೋ, ಆಫೀಸಿನಲ್ಲಿ ಫೈಲಿಗೆ ದಾರ ಕಟ್ಟುವ ಗುಮಾಸ್ತ. ಮದುವೆಯಾಗಿ ಹನ್ನೆರಡು ವರ್ಷವಾದರೂ ಮಾವ ಒಮ್ಮೆಯೂ 'ಅಳ್ಯಾರ' ಎಂದಿಲ್ಲ. "ಬರ್ರಿ ಕಾರಕೂನ್ರ. ಕುಂದರ್ರಿ ಕಾರಕೂನ್ರ." ಮನೆಗೆ ಬಂದವರಿಗೆಲ್ಲ "ಇವ್ರು ನಮ್ಮ ಕಾರಕೂನ್ರು" ಎಂದೇ ಪರಿಚಯ. ಆ ಮನೆಯ ಚಹಾ ಹನ್ನೆರಡು ವರ್ಷದಿಂದ ನನ್ನ ಗಂಟಲಲ್ಲಿ ಸರಿಯಾಗಿ ಇಳಿದಿಲ್ಲ.

ಅಷ್ಟರಲ್ಲಿ ಗೋಕಾಕಿನಲ್ಲಿ ಬ್ರೆಜಿಲಿಯನ್ ಜಿಯು-ಜಿತ್ಸು ಎಂಬ ವಿದೇಶಿ ಕುಸ್ತಿಯ ಕ್ಲಾಸು ಶುರುವಾಯಿತು. ಹೋಗಿ ಸೇರಿಕೊಂಡೆ. ಕಲಿಸುವವನು ಸ್ವಪ್ನಿಲ್ ಎಂಬ ತರುಣ. ಮೊದಲ ದಿನವೇ ಹೇಳಿದ:

"ಸರ್, ಇದ್ರಾಗ ಶಕ್ತಿ ಭಾಳ ಬೇಕಾಗಿಲ್ರಿ. ನೀವು ಅಂಗಾತ ಮಲಕೋರಿ. ಎದುರಿನವ ನಿಮ್ಮ ಕಾಲ ನಡುವ ಮೊಣಕಾಲೂರಿ ಕುಂದ್ರತಾನ. ಅವನ ಕಾಲರ್ ಹಿಡೀರಿ, ತೋಳು ಹಿಡೀರಿ. ಒಂದು ಕಾಲು ಅವನ ಹೊಟ್ಟಿಗೆ ಅಡ್ಡ, ಇನ್ನೊಂದು ನೆಲದ ಮ್ಯಾಲೆ. ಅವನ್ನ ಮುಂದ ಜಗ್ಗಿ, ಎರಡೂ ಕಾಲು ಕತ್ತರಿ ಆಡಿಸಿದಂಗ ಆಡಸ್ರಿ. ಅವ ಕೆಳಗ, ನೀವು ಮ್ಯಾಲೆ. ಇದಕ್ಕ ಸ್ವೀಪ್ ಅಂತಾರ."

ಮಲಗಿಕೊಂಡು ಗೆಲ್ಲುವ ವಿದ್ಯೆ! ಇಷ್ಟು ವರ್ಷ ಆಫೀಸಿನಲ್ಲಿ ಊಟದ ನಂತರ ನಾನು ಮಾಡಿದ ಸಾಧನೆ ವ್ಯರ್ಥವಾಗಲಿಲ್ಲ ಎಂದು ಎದೆ ಉಬ್ಬಿತು.

ಮನೆಯಲ್ಲಿ ಅಭ್ಯಾಸಕ್ಕೆ ಜೋಡಿ ಬೇಕಲ್ಲ? ನಂದಿನಿಯನ್ನು ಒಪ್ಪಿಸಿ ಅಡುಗೆಮನೆಯಲ್ಲೇ ಗಾದಿ ಹಾಸಿದೆ. ಕಾಲರ್ ಹಿಡಿದೆ, ಜಗ್ಗಿದೆ, ಕಾಲು ಬೀಸಿದೆ. ಆಕೆ ಅಲುಗಲಿಲ್ಲ. ನನ್ನ ಕಾಲು ಮಾತ್ರ ಆಕಾಶಮಾರ್ಗವಾಗಿ ಹೋಗಿ ಹಲಗೆಯ ಮೇಲಿನ ಜೋಳದ ಹಿಟ್ಟಿನ ಡಬ್ಬಿಗೆ ತಗುಲಿತು. ಇಬ್ಬರೂ ಬೆಳ್ಳಗಾದೆವು.

"ಏನ್ರಿ, ಕತ್ತರಿ ಅಂದ್ರಿ. ಇದು ಕೊಡ್ಲಿ ಆತಲ್ಲ?"

"ನೀ ಭಾಳ ಗಟ್ಟಿ ಕುಂತೀದಿ. ಬ್ಯಾರೆದವ್ರ ಆಗಿದ್ರ ಬೀಳ್ತಿದ್ರು."

"ಬಾಜೂ ಸರೀರಿ. ನಾ ಮಲಗಿ ನೋಡ್ತೇನಿ."

ಕಣ್ಣು ಮಿಟುಕಿಸುವುದರೊಳಗೆ ನಾನು ಹಿಟ್ಟಿನಲ್ಲಿ ಅಂಗಾತ, ಆಕೆ ನನ್ನ ಎದೆಯ ಮೇಲೆ.

"ನಾ ಬೇಕಂತ ಬಿದ್ನಿ," ಎಂದೆ. "ನಿನಗ ಹುರುಪು ಬರ್ಲಿ ಅಂತ."

"ಹಂಗಾರ ದಿನಾ ಬೀಳ್ರಿ."

ಇಪ್ಪತ್ತು ದಿನ ತಪ್ಪದೆ ಆಕೆಗೆ ಹುರುಪು ಕೊಟ್ಟೆ.

ಭಾನುವಾರ ಹುಕ್ಕೇರಿ. ಮಾವನ ಮನೆಯ ಅಂಗಳದಲ್ಲಿ ಕಿಶೋರನಿಗೆ ನಾನೇ ಸವಾಲು ಹಾಕಿದೆ. ಮಾವ ಹೊರಸಿನ ಮೇಲೆ ನ್ಯಾಯಾಧೀಶರಾದರು. ಕಿಶೋರ ತೊಡೆ ತಟ್ಟಿ ನಿಂತ. ನಾನು ಗಂಭೀರವಾಗಿ ನಡುವೆ ಹೋಗಿ, ಕುಳಿತು, ನಿಧಾನವಾಗಿ ಅಂಗಾತ ಮಲಗಿ, "ಬಾ" ಎಂದೆ.

"ಕುಸ್ತಿ ಮುಗೀತು," ಎಂದರು ಮಾವ. "ಕಾರಕೂನ್ರ ಬೆನ್ನು ನೆಲಕ್ಕ ಹತ್ತೇತಿ. ಕಿಶೋರ ಗೆದ್ದ."

"ಮಾವಾರ, ಅಂವ ನನ್ನ ಮುಟ್ಟೇ ಇಲ್ಲ! ಈ ಆಟ ಬ್ಯಾರೆ. ಇದ್ರಾಗ ಮಲಕೊಂಡ ಗೆಲ್ಲೂದು."

"ಮಲಕೊಂಡ ಗೆಲ್ಲೂದಾಗಿದ್ರ ನಮ್ಮ ಓಣ್ಯಾಗ ಎಲ್ಲಾರೂ ಪೈಲ್ವಾನರ."

ಏನು ಮರೆತರೂ ಇದೊಂದನ್ನು ಮರೆಯಬಾರದಿತ್ತು: ಬೆನ್ನಿಗೆ ಮಣ್ಣು ಹತ್ತಿದರೆ ಸೋತ ಹಾಗೆ ಎಂಬುದು ಈ ಮನೆಯ ಕಾನೂನು. ಕಾಡಿ ಬೇಡಿ ಒಂದು ಅವಕಾಶ ಗಿಟ್ಟಿಸಿದೆ. ಕಿಶೋರ ಸಂಕೋಚದಿಂದಲೇ ಮೊಣಕಾಲೂರಿದ. ಅವನ ಕಾಲರ್ ಹಿಡಿದೆ, ತೋಳು ಹಿಡಿದೆ, ಪ್ರಾಣವನ್ನೆಲ್ಲ ಕಾಲಿಗೆ ತಂದು ಕತ್ತರಿ ಆಡಿಸಿದೆ. 'ಕಟಕ್' ಎಂದಿತು. ನನ್ನ ಸೊಂಟ!

"ಅಪ್ಪಾ, ನಾ ಏನೂ ಮಾಡಿಲ್ಲ," ಎಂದ ಕಿಶೋರ ಹೆದರಿ.

"ಗೊತ್ತೈತಿ ತಗೋ. ಬಿದ್ದವ್ರೂ ಅವ್ರ, ಮುರಕೊಂಡವ್ರೂ ಅವ್ರ."

ನನ್ನನ್ನು ಗೋಡೆಯ ಬದಿಗೆ ಎಳೆದು ಮಲಗಿಸಿದರು. ಅವಮಾನದಿಂದ ಕಣ್ಣು ತುಂಬಿ ಬಂತು, ಖರೇ ಹೇಳುತ್ತೇನೆ. ಅದನ್ನು ಕಂಡ ನಂದಿನಿಗೆ ಸಿಟ್ಟು ಬಂತು. ವೇಲನ್ನು ಸೊಂಟಕ್ಕೆ ಬಿಗಿದಳು.

"ಅವ್ರ ಕಲ್ತಿದ್ದು ಸುಳ್ಳಲ್ಲಪ್ಪಾ. ತಮ್ಮಾ, ಬಾ ಇಲ್ಲಿ, ಮೊಣಕಾಲೂರು."

ಕಿಶೋರ ನಗುತ್ತ ಕುಳಿತ. ಅಕ್ಕ ಅಂಗಾತ ಮಲಗಿ ಕಾಲರ್ ಹಿಡಿದಳು. ಆ ನಗು ಮುಗಿಯುವುದರೊಳಗೆ ತೊಂಬತ್ತು ಕಿಲೋ ತಮ್ಮ ನೆಲದ ಮೇಲಿದ್ದ, ಅಕ್ಕ ಅವನ ಎದೆಯ ಮೇಲಿದ್ದಳು.

ಮಾವ ಹೊರಸಿನಿಂದ ಎದ್ದುಬಿಟ್ಟರು. "ಕಿಶ್ಯಾ, ನಿನ್ನ ಬೆನ್ನಿಗೆ ಮಣ್ಣು ಹತ್ತೇತಿ. ಸೋತಿ. ಭಲೇ ನನ್ನ ಮಗಳ!"

ನಾನು ಗೋಡೆಯ ಬುಡದಿಂದಲೇ ತಕರಾರು ತೆಗೆದೆ. "ಮಾವಾರ, ಮೊದಲ ಆಕಿ ಬೆನ್ನೂ ನೆಲಕ್ಕ ಹತ್ತಿತ್ತಲ್ರಿ?"

"ಆ ಆಟ ಬ್ಯಾರೆ, ಕಾರಕೂನ್ರ. ನಿಮಗ ತಿಳಿಯಾಂಗಿಲ್ಲ."

ಸಂಜೆ ನನ್ನ ಸೊಂಟ ತಿಕ್ಕಲು ಪಕ್ಕದ ಹಳ್ಳಿಯಿಂದ ಬೀರಸಿದ್ದಪ್ಪ ಎಂಬ ನಾಟಿ ವೈದ್ಯ ಎಣ್ಣೆ ಬಟ್ಟಲು ಹಿಡಿದು ಬಂದ. ಬೋರಲು ಮಲಗಿದ್ದ ನನ್ನನ್ನು ನೋಡಿ, "ಇವ್ರ್ಯಾರ್ರಿ?" ಎಂದು ಕೇಳಿದ.

ಮಾವ ಗಂಟಲು ಸರಿಮಾಡಿಕೊಂಡರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವರು 'ಕಾರಕೂನ್ರು' ಎನ್ನಲಿಲ್ಲ.

"ಇವ್ರಾ? ನಮ್ಮ ಪೈಲ್ವಾನನ ಗಂಡ."